ಏಳನೆಯ ರಾಕ್ಷಸ

ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಫೋನು ನೋಡುತ್ತಿದ್ದ ಗೌರೀಶ ಮಾಸ್ತರ ಒಮ್ಮೆಲೇ ಎದ್ದು ನಿಂತ. ಅರ್ಧ ಚಹಾ ಬನಿಯನ್ನಿನ ಮೇಲೆ ಚೆಲ್ಲಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ.

ಅವನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ಅದೇ ಶಾಲೆಯ ಮಹಾಂತಪ್ಪ ಮಾಸ್ತರ ಮುರಗೋಡದಲ್ಲಿ ಹೊಸ ಮನೆ ಕಟ್ಟಿಸಿ, ವಾಸ್ತುಶಾಂತಿಗೆ ಎಲ್ಲರೂ ಬರಬೇಕೆಂದು ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಮನೆಯ ಫೋಟೋ ಹಾಕಿದ್ದ. ಉಳಿದವರು ಮನೆಯನ್ನು ನೋಡಿ ಕೈಮುಗಿದಿದ್ದರು. ಗೌರೀಶ ಮನೆಯನ್ನು ನೋಡಲಿಲ್ಲ. ಟೆರೇಸಿನ ಗೋಡೆಯಿಂದ, ನಿಂಬೆಹಣ್ಣು ಮೆಣಸಿನಕಾಯಿ ಸರದ ಪಕ್ಕದಲ್ಲಿ, ಗೇಣುದ್ದದ ಒಂದು ರಬ್ಬರಿನ ಗೊಂಬೆ ತೂಗುತ್ತಿತ್ತು. ಅವನು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಹಸಿರು ಮೈ. ಡೊಳ್ಳುಹೊಟ್ಟೆ. ಕಾಡುಹಂದಿಯ ಹಾಗೆ ಕೋರೆ. ಹಣೆಯ ನಡುವೆ ಕೆಂಪಗೆ ಉಬ್ಬಿದ ಮೂರನೆಯ ಕಣ್ಣು.

"ಶೈಲಾ! ಸಿಕ್ಕಾ!"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಯಾರ್ ಸಿಕ್ಕರ್ರಿ?" ಎಂದಳು ಹೆಂಡತಿ ಶೈಲಜಾ.

"ಮುಕ್ಕಣ್ಣಾಸುರ!"

ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು.

ಗೌರೀಶ ಹತ್ತು ವರ್ಷದವನಿದ್ದಾಗ 'ಗವಿಗುಡ್ಡದ ಏಳು ರಾಕ್ಷಸರು' ಎಂಬ ಚಿತ್ರಕತೆ ತಿಂಗಳಿಗೊಂದರಂತೆ ಏಳು ಪುಸ್ತಕಗಳಾಗಿ ಬಂದಿತ್ತು. ಒಂದೊಂದು ಪುಸ್ತಕದ ಜೊತೆ ಒಂದೊಂದು ರಾಕ್ಷಸನ ಗೊಂಬೆ ಪುಕ್ಕಟೆ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಹಣಮಂತಪ್ಪಜ್ಜ ಪ್ರತಿ ತಿಂಗಳೂ ಇವನಿಗಾಗಿ ಒಂದನ್ನು ತೆಗೆದಿಡುತ್ತಿದ್ದ. ಡೊಳ್ಳಾಸುರ, ಜೋಲುಗಿವಿ, ಗೂಗಿಮಾರಿ, ಕೆಂಡಮೂಗ, ಉಗುರಪ್ಪ, ಕೋರೆಹಲ್ಲ, ಆರೂ ಬಂದವು. ಏಳನೆಯದು ಬರುವ ಹೊತ್ತಿಗೆ ಗೌರೀಶನಿಗೆ ಜ್ವರ ಬಂದು ಹದಿನೈದು ದಿನ ಮಲಗಿದ. ಅಜ್ಜ ಎಂಟು ದಿನ ಗೊಂಬೆಯನ್ನು ಕಾಗದದಲ್ಲಿ ಸುತ್ತಿ ಕಾದಿಟ್ಟು, ಒಂಬತ್ತನೆಯ ದಿನ ಯರಗಟ್ಟಿ ಬಸ್ಸಿನಲ್ಲಿ ಒಂದೇ ಸಮನೆ ಅಳುತ್ತಿದ್ದ ಯಾವುದೋ ಕೂಸಿನ ಕೈಗೆ ಕೊಟ್ಟುಬಿಟ್ಟ. ಆಮೇಲೆ ತಪ್ಪಿತಸ್ಥನ ಹಾಗೆ ಮನೆಗೆ ಬಂದು, ಪುಸ್ತಕವನ್ನೂ ನಾಲ್ಕು ಪೆಪ್ಪರಮಿಂಟನ್ನೂ ಗೌರೀಶನ ತಲೆದಿಂಬಿನ ಬದಿಗಿಟ್ಟು ಹೋದ.

ಗೌರೀಶ ಆ ಕೂಸಿನ ಮೇಲೂ ಅಜ್ಜನ ಮೇಲೂ ಯಾವತ್ತೂ ಸಿಟ್ಟು ಮಾಡಿಕೊಳ್ಳಲಿಲ್ಲ. ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಸವದತ್ತಿಯ ರದ್ದಿ ಅಂಗಡಿ, ಕಿತ್ತೂರಿನ ಸಂತೆ, ಎಲ್ಲ ಸುತ್ತಿದ. ರಾಮದುರ್ಗದ ರದ್ದಿಯವನು ಹಳೆಯ ಚಿತ್ರಕತೆ ಕಂಡರೆ ತೂಕಕ್ಕೆ ಹಾಕದೆ ಇವನಿಗೆಂದು ಮೊಳೆಗೆ ಸಿಕ್ಕಿಸಿಡುತ್ತಿದ್ದ. ಹೀಗೆ ಇನ್ನೂರು ಪುಸ್ತಕಗಳಾದವು, ಒಂದು ಟ್ರಂಕು ತುಂಬಿತು. ಮುಕ್ಕಣ್ಣಾಸುರ ಸಿಗಲಿಲ್ಲ. ಅವನನ್ನು ಗುರುತು ಹಿಡಿಯುವುದೇನೂ ಕಷ್ಟವಿರಲಿಲ್ಲ. ಕತೆಯಲ್ಲಿ ಅವನು ಡೊಳ್ಳಾಸುರನ ಅವಳಿ ಅಣ್ಣ. ಅದೇ ಹೊಟ್ಟೆ, ಅದೇ ಕೋರೆ. ತಮ್ಮ ಕಂದು, ಅಣ್ಣ ಹಸಿರು. ತಮ್ಮನಿಗೆ ಎರಡು ಕಣ್ಣು, ಅಣ್ಣನಿಗೆ ಮೂರು.

ಟ್ರಂಕು ಮಂಚದ ಕೆಳಗಿತ್ತು. ಹೋದ ತಿಂಗಳು ಇಲಿಯೊಂದು ಒಳಗೆ ಹೊಕ್ಕು ಜೋಲುಗಿವಿಯ ಅರ್ಧ ಕಿವಿಯನ್ನು ತಿಂದಿತ್ತು. ಆ ದಿನ ಗೌರೀಶ ಊಟ ಬಿಟ್ಟಿದ್ದ. ಹೊರಗಿನ ಕೋಣೆಯ ಶೋಕೇಸಿನಲ್ಲಿ ಒಂದು ಸಾಲು ಕೊಡು ಎಂದು ಶೈಲಜಾಳನ್ನು ಕೇಳಿದ್ದ. ಅಲ್ಲಿ ಅವಳ ಮದುವೆಯ ಗಾಜಿನ ಸಾಮಾನುಗಳಿದ್ದವು.

"ಏಳೂ ಕೂಡಿದ ದಿನಾ ಇಡ್ರಿ," ಎಂದಿದ್ದಳು. "ಕುಟುಂಬ ಪೂರಾ ಆಗಲಾರದ ಮಂದಿಗೆ ಮನೀ ಕೊಡೂದಿಲ್ಲ."

ಇಲಿ ಇನ್ನೂ ಮನೆಯಲ್ಲೇ ಇತ್ತು. ಆದ್ದರಿಂದ ಗೌರೀಶ ಅವತ್ತು ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಂಡು, ಗುಂಡಿಗಳನ್ನು ಒಂದು ಮನೆ ಕೆಳಗೆ ಹಾಕಿಕೊಂಡು ಸ್ಕೂಟರ್ ತೆಗೆದ.

"ಎಲ್ಲಿಗ್ ಹೊಂಟ್ರಿ ಮಾಸ್ತರ?" ಪಕ್ಕದ ಮನೆಯ ಕಟ್ಟೆಯಿಂದ ದನಿ ಬಂತು. ಅಂಚೆ ಕಚೇರಿಯಿಂದ ನಿವೃತ್ತರಾದ ವೆಂಕಣ್ಣ. ಮೂವತ್ತು ವರ್ಷ ಊರಿನ ಪತ್ರಗಳನ್ನು ಹಂಚಿದ ಮನುಷ್ಯನಿಗೆ ಈಗ ಹಂಚಲು ಏನೂ ಇಲ್ಲವೆಂಬುದೇ ದೊಡ್ಡ ದುಃಖ.

"ಮುರಗೋಡಕ್ಕ, ಕಾಕಾ."

"ಹೌದೇನು? ನಡೀರಿ, ನಾನೂ ಬರ್ತೀನಿ."

"ಯಾಕ ಹೊಂಟೇನಿ ಅಂತ ಕೇಳಲೇ ಇಲ್ಲಲ್ರಿ?"

"ದಾರ್ಯಾಗ ಹೇಳ್ರಿ, ಹೊತ್ತು ಹೋಗ್ತದ," ಎಂದು ವೆಂಕಣ್ಣ ಹಿಂದೆ ಕೂತೇಬಿಟ್ಟರು. ಕಿಟಕಿಯಿಂದ ಅವರ ಹೆಂಡತಿ ತಾರಾಬಾಯಿ ಕೂಗಿದರು: "ಮಾಸ್ತರ, ಅವರ ಬಿಪಿ ಗುಳಿಗಿ ಕಿಸೆದಾಗ ಅದ. ಹನ್ನೊಂದಕ್ಕ ನೆನಪ ಮಾಡ್ರಿ!"

ದಾರಿಯುದ್ದಕ್ಕೂ ಗೌರೀಶ ಮುಕ್ಕಣ್ಣಾಸುರನ ಕತೆ ಹೇಳಿದ. ಹೇಳುತ್ತ ಹೇಳುತ್ತ ಅವನ ಮಟ್ಟಿಗೆ ಸ್ಕೂಟರು ಬೈಲಹೊಂಗಲದ ರಸ್ತೆಯನ್ನು ಬಿಟ್ಟು ಕತೆಯೊಳಗಿನ ಗವಿಗುಡ್ಡದ ರಸ್ತೆಗೆ ಬಿದ್ದಿತು. ಎರಡೂ ಬದಿಗೆ ಜೋಳದ ತೆನೆಗಳು ಬಿಸಿಲಿನಲ್ಲಿ ತೂಕಡಿಸುತ್ತಿದ್ದವು. ಕಬ್ಬು ಹೇರಿದ ಚಕ್ಕಡಿಯೊಂದು ಇವರನ್ನು ಹಿಂದೆ ಹಾಕಿ ಮುಂದೆ ಹೋಯಿತು. ಎತ್ತುಗಳು ತಿರುಗಿ ನೋಡಿದವು.

ಮಹಾಂತಪ್ಪನ ಮನೆಯನ್ನು ಕೇಳಿ ಹುಡುಕಬೇಕಾಗಲಿಲ್ಲ. ಪಿಸ್ತಾ ಹಸಿರು ಬಣ್ಣ ಅರ್ಧ ಹರದಾರಿಯಿಂದಲೇ ಕಾಣುತ್ತಿತ್ತು. ಬಣ್ಣ ಹಚ್ಚುವವನು ಬಹಳ ಉಮೇದಿಯ ಮನುಷ್ಯನಿರಬೇಕು. ಗೋಡೆ, ಮೆಟ್ಟಿಲು, ಗೇಟು, ಕಸಬರಿಗೆಯ ಹಿಡಿಕೆ, ಕೋಳಿ ಮುಚ್ಚುವ ಬುಟ್ಟಿ, ನಿಂತಿದ್ದನ್ನೆಲ್ಲ ಹಸಿರು ಮಾಡಿದ್ದ. ಪಕ್ಕದ ಮನೆಯ ಎಮ್ಮೆ ಅಲ್ಲಾಡಿದ್ದರಿಂದ ಉಳಿದುಕೊಂಡಿತ್ತು.

ಮಹಾಂತಪ್ಪ ಸಾಮಾನು ತರಲು ಯರಗಟ್ಟಿಗೆ ಹೋಗಿದ್ದ. ಅವನ ತಾಯಿ ರಾಚವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬಂದವರನ್ನು ಕೂಡಿಸಿ, ನೀರು ಕೊಟ್ಟು, ಗೌರೀಶನ ಅಂಗಿಯ ಗುಂಡಿ ತಪ್ಪಿದ್ದನ್ನು ನೋಡಿಯೂ ನೋಡದವಳ ಹಾಗೆ ಇದ್ದಳು.

"ಯವ್ವಾ, ಆ ಗೊಂಬಿ ಎಲ್ಲೀದ್ರಿ?" ಗೌರೀಶ ಟೆರೇಸಿನ ಕಡೆ ಬೆರಳು ತೋರಿಸಿದ.

"ಯಾರಿಗ್ಗೊತ್ತ ತಮ್ಮಾ? ಹಳೀ ಮನಿ ಅಟ್ಟದ ಮ್ಯಾಲ ಬಿದ್ದಿತ್ತು. ನಮ್ಮ ಮಹಾಂತ ಸಣ್ಣಾಂವ ಇದ್ದಾಗಿಂದು ಇರಬೇಕು."

"ಬಸ್ಸಿನ್ಯಾಗ ಅಳಕೋತ ಕುಂತಾಗ ಯಾರರ ಕೊಟ್ಟಿದ್ದರೇನ್ರಿ?"

ರಾಚವ್ವ ವಿಚಾರ ಮಾಡಿದಳು. "ಅಳೂದಂತೂ ಭಾಳ ಅಳತಿದ್ದ."

ಗೌರೀಶನಿಗೆ ಅಷ್ಟೇ ಸಾಕಾಯಿತು. ಆ ಕೂಸು ಇಷ್ಟು ವರ್ಷ ತನ್ನ ಜೊತೆಗೇ ಶಿಕ್ಷಕರ ಕೋಣೆಯಲ್ಲಿ ಕೂತು ಗಣಿತದ ಪೇಪರು ತಿದ್ದುತ್ತಿತ್ತು! ಅವನು ಕೈ ಜೋಡಿಸಿದ. "ಅದನ್ನ ನನಗ ಕೊಡ್ರಿ, ಯವ್ವಾ. ಅಂವ ಮುಕ್ಕಣ್ಣಾಸುರ."

"ಮುಕ್ಕಣ್ಣ ಅಂದ್ರ ನಮ್ಮಪ್ಪ ಈಶ್ವರ. ಇದು ಮನೀಗೆ ಕೆಟ್ಟ ದೃಷ್ಟಿ ತಾಗಬಾರದಂತ ಕಟ್ಟಿದ ನದರಿನ ಗೊಂಬಿ, ಮಾಸ್ತರ. ಪಾಯಾ ತಗದಾಗಿಂದ ಕಟ್ಟೇನಿ. ಅಮಾಸಿ ಅಮಾಸಿಗೆ ಎಣ್ಣಿ ಕುಂಕುಮ ಹಚ್ಚತೇನಿ. ಇದರ ಪುಣ್ಯೇಕ ಒಬ್ಬ ಗೌಂಡಿ ಸೈತ ಕೆಳಗ ಬಿದ್ದಿಲ್ಲ."

"ಬ್ಯಾರೇ ಏನರ ಕಟ್ಟಿದ್ರ ಆಗೂದಿಲ್ಲೇನ್ರಿ?"

"ನದರಿಗೆ ಕಟ್ಟಿದ್ದನ್ನ ಹಂಗ ಬಿಚ್ಚಾಕ ಬರೂದಿಲ್ಲ. ಬಿಚ್ಚಬೇಕಂದ್ರ ಅದಕ್ಕಿಂತ ಕೆಟ್ಟ ಮಾರೀದು ತಂದು ಕಟ್ಟಬೇಕು. ನಮ್ಮತ್ತಿ ಕಾಲದಿಂದ ಬಂದದ್ದು."

ಅದಕ್ಕಿಂತ ಕೆಟ್ಟ ಮುಖ! ಗೌರೀಶನಿಗೆ ಅಂಥ ಸಂಪತ್ತಿಗೇನು ಕಡಿಮೆ? ಕೂಡಲೇ ಮನೆಗೆ ಫೋನು ಮಾಡಿದ. "ಶೈಲಾ, ಟ್ರಂಕಿನ್ಯಾಗಿಂದು ಒಂದು ಗೊಂಬಿ ಹನ್ನೊಂದರ ಬಸ್ಸಿಗೆ ಕೊಟ್ಟು ಕಳಸು. ಎಲ್ಲಾರಕಿಂತ ಕೆಟ್ಟ ಮಾರೀದು."

"ಯಾವುದು ಕೆಟ್ಟಂತ ನನಗೇನ್ ಗೊತ್ರಿ? ನಂಗ ಎಲ್ಲಾವೂ ಒಂದ ನಮೂನಿ ಕಾಣತಾವು," ಎಂದಳು ಶೈಲಜಾ. ಒಂದನ್ನು ಕಳಿಸಿ ಅದು ಸಾಲದಿದ್ದರೆ ಗಂಡನ ಮುಖ ಹೇಗಾದೀತೆಂದು ಅವಳಿಗೆ ಗೊತ್ತಿತ್ತು. ಆರನ್ನೂ ಹಳೆಯ ಸೀರೆಯ ತುಂಡಿನಲ್ಲಿ ಬೇರೆಬೇರೆಯಾಗಿ ಸುತ್ತಿ, ಕೈಚೀಲದಲ್ಲಿಟ್ಟು, ಬಸ್‌ಸ್ಟ್ಯಾಂಡಿಗೆ ತಾನೇ ನಡೆದುಹೋಗಿ ಕಂಡಕ್ಟರನ ಕೈಗೆ ಕೊಟ್ಟು ಬಂದಳು.

ಮುರಗೋಡದಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದ. "ಮಾಸ್ತರ, ಅಕ್ಕಾರು ಜ್ವಾಕಿ ಅಂದ್ರು ಅಂತ ನನ್ನ ಸೀಟಿನ ಮ್ಯಾಲ ಕುಂದರಿಸ್ಕೊಂಡು ಬಂದೇನಿ. ನಾ ನಿಂತ ಬಂದೆ. ಒಳಗೇನೈತ್ರಿ?"

"ರಾಕ್ಷಸರು."

"ಆರಾಮ ಬಂದಾರ ಬಿಡ್ರಿ," ಎಂದು ಅವನು ಸೀಟಿ ಹೊಡೆದ.

ರಾಚವ್ವನ ಕಟ್ಟೆಯ ಮೇಲೆ ಆರು ರಾಕ್ಷಸರು ಸಾಲಾಗಿ ಕೂತರು. ಅಷ್ಟರಲ್ಲಿ ವೆಂಕಣ್ಣ ಓಣಿಯಲ್ಲೆಲ್ಲ ಸುದ್ದಿ ಹಂಚಿ ಬಂದಿದ್ದರು. ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿಕೊಂಡು ಬಂದು ನಿಂತರು. ಕನ್ಯೆ ನೋಡುವ ಶಾಸ್ತ್ರದ ಹಾಗೆ ಒಬ್ಬೊಬ್ಬ ರಾಕ್ಷಸನನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಈ ಉಗುರಿನಂವ ಏನಷ್ಟ ಕೆಟ್ಟಿಲ್ಲ ಬಿಡ. ನಮ್ಮ ಮಾವ್ನಂಗ ಅದಾನ."

"ಇಂವನ ಮೂಗ ನೋಡ, ಹಣ್ಣ ಮೆಣಸಿನಕಾಯಿ!"

ಪಕ್ಕದ ಮನೆಯ ಬಾಯವ್ವ, ಬಣ್ಣ ತಪ್ಪಿಸಿಕೊಂಡ ಆ ಎಮ್ಮೆಯ ಒಡತಿ, ಡೊಳ್ಳಾಸುರನನ್ನು ಎತ್ತಿ ಹಿಡಿದಳು. "ರಾಚಕ್ಕಾ, ಇದು ಥೇಟ ನಿನ್ನ ಮನಿ ಮ್ಯಾಲಿಂದರಂಗ ಐತೆಲ್ಲ!"

"ಇರಬೇಕಲ್ರಿ!" ಗೌರೀಶ ಹಿಗ್ಗಿದ. "ಅವಳಿ ತಮ್ಮ. ಬಣ್ಣಾ, ಕಣ್ಣು ಬಿಟ್ರ ಒಂದಕ್ಕೊಂದು ಫರಕ ಇಲ್ಲ."

ಕೊನೆಗೆ ರಾಚವ್ವ ಅರ್ಧ ಕಿವಿಯ ಜೋಲುಗಿವಿಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. "ಇದ! ಕಿವಿ ಹರದು ಏನ ಅಸಡ್ಡಾಳ ಕಾಣತೈತಿ! ಇದನ್ನ ನೋಡಿದ್ರ ನದರ ಬಂದದ್ದು ಬಂದ ದಾರೀಲೆ ಓಡಿ ಹೋಗಬೇಕು." ಇಲಿಯ ಉಪಕಾರವನ್ನು ಗೌರೀಶ ಮನಸ್ಸಿನಲ್ಲೇ ನೆನೆದ. ಜೋಲುಗಿವಿಯನ್ನು ಬಿಟ್ಟುಕೊಡಲು ಒಂದು ಗಳಿಗೆ ಕಷ್ಟವಾಯಿತು. ಆದರೆ ಜೋಲುಗಿವಿ ರಾಮದುರ್ಗದ ರದ್ದಿಯವನ ಹತ್ತಿರ ಇನ್ನೊಂದಿತ್ತು, ಎರಡೂ ಕಿವಿ ಇದ್ದದ್ದು. ನಾಳೆಯೇ ತಂದರಾಯಿತು ಎಂದು ಶೈಲಜಾಳಿಗೂ ಫೋನು ಮಾಡಿ ಹೇಳಿದ.

ಟೆರೇಸಿಗೆ ಹತ್ತಿದವನು ಗೌರೀಶನೊಬ್ಬನೇ. ಜೋಲುಗಿವಿಯನ್ನು ಕಟ್ಟಿದ, ಮುಕ್ಕಣ್ಣಾಸುರನನ್ನು ಬಿಚ್ಚಿದ. ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ನೀರಿನ ಟಾಕಿಯ ನೆರಳಿಗೆ ಕೂತ.

ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ತಿರುಗುತ್ತಿದ್ದವು. ಗೊಂಬೆಯನ್ನು ಮೂಗಿನ ಹತ್ತಿರ ತಂದ. ಎಣ್ಣೆಯ ಕಮಟು, ಅದರ ಅಡಿಯಲ್ಲಿ, ಬಹಳ ಅಡಿಯಲ್ಲಿ, ಹಳೆಯ ರಬ್ಬರಿನ ವಾಸನೆ. ಅದರ ಬೆನ್ನಿಗೇ ಹೊಸ ಪುಸ್ತಕದ ಮಸಿಯ ವಾಸನೆ ಬಂತು. ಹಣಮಂತಪ್ಪಜ್ಜನ ಅಂಗಡಿ ಬಂತು, ಹಗ್ಗಕ್ಕೆ ನೇತುಬಿದ್ದ ಬಣ್ಣದ ಹೊದಿಕೆಗಳು ಬಂದವು. ನೀಲಿ ಬಣ್ಣ ಗೆರೆ ದಾಟಿ ರಾಜಕುಮಾರನ ಕುದುರೆಯ ಆಚೆಗೆ ಚೆಲ್ಲಿದ್ದ ಪುಟ ಬಂತು. ಜ್ವರದಲ್ಲಿ ಬಾಯಿಗಿಟ್ಟುಕೊಂಡ ಪೆಪ್ಪರಮಿಂಟಿನ ತಂಪು ನಾಲಿಗೆಗೆ ಬಂತು. ಗೌರೀಶ ಹತ್ತು ವರ್ಷದವನಾಗಿ, ಚಡ್ಡಿಯ ಕಿಸೆಯಲ್ಲಿ ಏಳು ರಾಕ್ಷಸರನ್ನು ತುಂಬಿಕೊಂಡು ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುತ್ತಿದ್ದ. ದಾರಿ ಮುಗಿಯಲೇ ಇಲ್ಲ. ಮುಗಿಯುವುದು ಅವನಿಗೆ ಬೇಕೂ ಇರಲಿಲ್ಲ.

"ಮಾಸ್ತರ!" ಕೆಳಗಿನಿಂದ ವೆಂಕಣ್ಣನ ದನಿ ಎಲ್ಲಿಂದಲೋ ತೇಲಿ ಬಂತು. "ಉಳದವು ಕೇಳ್ಲಿಕ್ಕೆ ಹತ್ಯಾರ. ಕೊಡ್ಲೇನು?"

"ಹೂಂ," ಎಂದ ಗೌರೀಶ, ಮುಕ್ಕಣ್ಣಾಸುರನ ಹೊಟ್ಟೆಯನ್ನು ಸವರುತ್ತ.

"ಐದೂ?"

"ಹೂಂ."

ಅವನು ಇಳಿದು ಬಂದದ್ದು ಒಂದು ತಾಸಿನ ಮೇಲೆ, ಊಟಕ್ಕೆ ಕರೆದಾಗ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು. ಏನು ಉಂಡೆನೆಂದು ಅವನಿಗೆ ತಿಳಿಯಲಿಲ್ಲ. ಮುಕ್ಕಣ್ಣಾಸುರ ಅಂಗಿಯ ಕಿಸೆಯಿಂದ ಮುಖ ಹೊರಗೆ ಹಾಕಿಕೊಂಡು ಅವನ ಜೊತೆ ಉಣ್ಣುತ್ತಿದ್ದ. ಹೊರಡುವಾಗ ರಾಚವ್ವ ಚೀಲವನ್ನು ವೆಂಕಣ್ಣನ ಕೈಗೆ ಕೊಟ್ಟು, "ವಜ್ಜಾ ಐತಿ, ಗಟ್ಟಿ ಹಿಡ್ಕೋರಿ" ಎಂದಳು. ಬಾಯವ್ವನ ದನದ ಮನೆಯ ಬಾಗಿಲಲ್ಲಿ ಏನೋ ಒಂದು ತೂಗುತ್ತಿತ್ತು. ಓಣಿಯ ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಮೂತಿಗೂ ಏನೋ ಒಂದು ಕಟ್ಟಿತ್ತು. ಗೌರೀಶ ಅದನ್ನೆಲ್ಲ ನೋಡಲಿಲ್ಲ. ಅವನ ಕಣ್ಣು ಅರ್ಧ ರಸ್ತೆಯ ಮೇಲೂ ಅರ್ಧ ಕಿಸೆಯ ಮೇಲೂ ಇದ್ದವು.

ಮನೆಗೆ ಬಂದು ನೋಡುತ್ತಾನೆ, ಶೋಕೇಸಿನ ನಡುವಿನ ಸಾಲು ಖಾಲಿ! ಶೈಲಜಾ ಮತ್ತು ತಾರಾಬಾಯಿ ಸೇರಿ ಗಾಜಿನ ಸಾಮಾನುಗಳನ್ನೆಲ್ಲ ಡಬ್ಬಿಗೆ ತುಂಬಿ, ಗಾಜು ಒರೆಸಿ, ಕೆಂಪು ಬಟ್ಟೆ ಹಾಸಿದ್ದರು. ಅದರ ಮೇಲೆ ಏಳು ಸ್ಟೀಲಿನ ಬಟ್ಟಲುಗಳನ್ನು ಬೋರಲಾಗಿ ಇಟ್ಟಿದ್ದರು, ಒಬ್ಬೊಬ್ಬ ರಾಕ್ಷಸನಿಗೆ ಒಂದೊಂದು ಪೀಠ.

ಗೌರೀಶ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. "ಶೈಲಾ..."

"ಮದಲ ಕುಂದರಸ್ರಿ, ಆಮ್ಯಾಲ ಅಳಾಕಂತ್ರಿ," ಎಂದಳು ಅವಳು. "ಒಬ್ಬಂವ ಅಲ್ಲೇ ಉಳದಾನಲ್ಲ. ಅಂವನ ಬಟ್ಟಲಾ ಹಂಗ ಇರಲಿ, ರಾಮದುರ್ಗದಾಂವ ಬರೂತನಕಾ."

ಗೌರೀಶ ಚೀಲಕ್ಕೆ ಕೈ ಹಾಕಿದ. ಬದನೆಕಾಯಿ ಬಂತು. ಮತ್ತೆ ಹಾಕಿದ. ಇನ್ನೊಂದು ಬದನೆಕಾಯಿ. ಆಮೇಲೆ ಒಂದು ಉಂಡೆ ಬೆಲ್ಲ, ಮುಚ್ಚಳದ ಡಬ್ಬಿಯಲ್ಲಿ ಬೆಣ್ಣೆ, ಒಂದು ಪಡಿ ಹಸಿ ಶೇಂಗಾ, ಮೆಂತ್ಯೆ ಸೊಪ್ಪಿನ ಸಿವುಡು, ಎಲ್ಲಕ್ಕಿಂತ ಕೆಳಗೆ ಶೈಲಜಾಳಿಗೆಂದು ಒಂದು ಕುಪ್ಪಸದ ಖಣ. ಚೀಲ ತಿರುವಿ ಕೊಡವಿದ. ಸೀರೆಯ ತುಂಡುಗಳು ಬಿದ್ದವು.

"ಕಾಕಾ, ಗೊಂಬಿ ಎಲ್ಲಿ?"

"ಕೊಟ್ಟೆನಲ್ಲ!" ವೆಂಕಣ್ಣನ ಮುಖದಲ್ಲಿ ಬಹಳ ವರ್ಷಗಳ ಮೇಲೆ ಟಪಾಲು ಹಂಚಿ ಬಂದವನ ಸಮಾಧಾನವಿತ್ತು. "ಬಾಯವ್ವನ ಎಮ್ಮಿ ನದರ ಆಗಿ ಹಾಲ ಕೊಡಾಂಗಿಲ್ಲಂತ, ಡೊಳ್ಳಾಸುರ ಆಕಿಗೆ. ಗೂಗಿಮಾರಿ ಹಿಟ್ಟಿನ ಗಿರಣಿಗೆ. ಕೆಂಡಮೂಗ ಟ್ರ್ಯಾಕ್ಟರಿಗೆ. ಉಗುರಪ್ಪ ಬೋರ್‌ವೆಲ್ಲಿಗೆ. ಕೋರೆಹಲ್ಲ ಆ ಕಡೀ ಮನೀಗೆ. ಹೊಸಾ ಸೊಸಿ ಬಂದಾಳ ನೋಡ್ರಿ, ಭಾಳ ಚಂದ ಇದ್ದಾಳಂತ. ಎಲ್ಲಾ ಅವರವರ ಪತ್ತೇಕ್ಕ ಬರೋಬ್ಬರಿ ಮುಟ್ಟಿಸೀನಿ. ನಿಮ್ಮನ್ನ ಕೇಳೇ ಕೊಟ್ಟೆ. ಎರಡ ಸಲ ಹೂಂ ಅಂದ್ರಿ."

"ಮತ್ತ ಈ ಬದನಿಕಾಯಿ?"

"ಖಾಲಿ ಚೀಲಾ ಯಾರರ ತಿರುಗಿ ಕಳಸ್ತಾರೇನು? ಭಾಳ ಮರ್ಯಾದಿ ಮಂದಿ."

ಗೌರೀಶ ಕುರ್ಚಿಗೆ ಕುಸಿದ. ಆ ಹೂಂ ಅವನಿಗೆ ಈಗ ನೆನಪಾಯಿತು. ಎರಡೂ ನೆನಪಾದವು. "ನಾಳೆ ಹೋಗಿ ಇಸಕೊಂಡು ಬರತೇನಿ."

"ಹೆಂಗ ಇಸಕೋತೀರಿ?" ವೆಂಕಣ್ಣ ಮೆಲ್ಲಗೆ ಹೇಳಿದರು. "ಎಲ್ಲಾ ಕಟ್ಟಿಬಿಟ್ಟಾರ. ಕಟ್ಟಿದ್ದು ಬಿಚ್ಚಬೇಕಂದ್ರ ಅದಕ್ಕಿಂತ ಕೆಟ್ಟ ಮಾರೀದು ಬೇಕು. ಐದು ಬೇಕು."

ಅದಕ್ಕಿಂತ ಕೆಟ್ಟ ಮುಖ ಎಲ್ಲಿಂದ ತರುವುದು? ಯೋಚಿಸುತ್ತ ಮೂವರೂ ಅರಿಯದೇ ವೆಂಕಣ್ಣನ ಕಡೆ ನೋಡಿದರು.

"ನನ್ನ ಯಾಕ ನೋಡ್ತೀರಿ?" ಎಂದು ಅವರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು.

ಕೊನೆಗೆ ಗೌರೀಶ ಉಸಿರು ಬಿಟ್ಟ. ಬಾಯವ್ವನ ಎಮ್ಮೆ ಹಾಲು ಕೊಟ್ಟರೆ ಕೊಡಲಿ. ಆ ಆರೂ ಸಿಕ್ಕಿದ್ದವು, ಮತ್ತೆ ಎಲ್ಲಾದರೂ ಸಿಕ್ಕಾವು. ಸಿಗದಿದ್ದವನು ಸಿಕ್ಕನಲ್ಲ, ಅದು ದೊಡ್ಡದು. ಅವನು ಕಿಸೆಯಿಂದ ಮುಕ್ಕಣ್ಣಾಸುರನನ್ನು ತೆಗೆದು ನಡುವಿನ ಬಟ್ಟಲಿನ ಮೇಲೆ ಇಡಹೋದ.

"ತಡೀರಿ, ಎಣ್ಣಿ ಮೆತ್ತೇತಿ. ಬಟ್ಟಿಗೆ ಹತ್ತತೈತಿ," ಎಂದು ಶೈಲಜಾ ಗೊಂಬೆಯನ್ನು ಇಸಿದುಕೊಂಡಳು. ಬೋಗುಣಿಯಲ್ಲಿ ಬಿಸಿನೀರು ತಂದು, ಸಾಬೂನು ಕದಡಿ, ಕೂಸಿಗೆ ಎರೆಯುವ ಹಾಗೆ ತಲೆಗೆ ಕೈಯೊತ್ತಿ ತೊಳೆಯತೊಡಗಿದಳು.

ನೀರು ಮೊದಲು ಪಿಸ್ತಾ ಹಸಿರಾಯಿತು.

ಆಮೇಲೆ ಕೆಂಪಗಾಯಿತು.

ಶೈಲಜಾಳ ಕೈ ನಿಂತಿತು. ಹದಿನೆಂಟು ಅಮಾವಾಸ್ಯೆಗಳ ಎಣ್ಣೆ ಕುಂಕುಮ ಗಟ್ಟಿಯಾಗಿ ಕೂತಿದ್ದ ಮೂರನೆಯ ಕಣ್ಣು ಮೆತ್ತಗೆ ಕಳಚಿ ಬೋಗುಣಿಯ ತಳಕ್ಕೆ ಇಳಿಯಿತು. ಅವಳ ಅಂಗೈ ಮೇಲೆ ಡೊಳ್ಳುಹೊಟ್ಟೆಯ, ಎರಡೇ ಕಣ್ಣಿನ, ಕಂದು ಬಣ್ಣದ ಡೊಳ್ಳಾಸುರ ಕೂತು ನೀರು ಸುರಿಸುತ್ತಿದ್ದ. ಮುರಗೋಡದ ಎಮ್ಮೆಯ ಬಾಗಿಲಲ್ಲಿ ತೂಗುತ್ತಿದ್ದವನ ಖಾಸಾ ಜೋಡಿ.

ವೆಂಕಣ್ಣ ಬಗ್ಗಿ, ಕಳಚಿ ಬಿದ್ದ ಕಣ್ಣನ್ನು ಬೋಗುಣಿಯ ತಳದಲ್ಲಿ ಬೆರಳಾಡಿಸಿ ಹುಡುಕಿದರು. ಬೆಳಿಗ್ಗೆ ಗೌರೀಶನ ಹತ್ತಿರ ಏಳರಲ್ಲಿ ಆರು ಇದ್ದವು. ಈಗ ಒಂದಿತ್ತು. ಅದೂ ಬೆಳಿಗ್ಗೆ ಇದ್ದದ್ದೇ.

ಶೈಲಜಾ ಗಂಡನ ಮುಖವನ್ನು ನೋಡಿದಳು. ಗೊಂಬೆಯನ್ನು ಸೆರಗಿನಿಂದ ಒರೆಸಿ, ಒಯ್ದು ನಡುವಿನ ಬಟ್ಟಲಿನ ಮೇಲೆ ಕೂಡಿಸಿದಳು. ದೇವರ ಮುಂದಿನ ಕುಂಕುಮದ ಭರಣಿ ತಂದು, ಉಂಗುರ ಬೆರಳಿನಿಂದ ಅದರ ಹಣೆಯ ನಡುವೆ ದುಂಡಗೆ ಒಂದು ಬೊಟ್ಟು ಇಟ್ಟಳು.

"ಈಗ ಮುಕ್ಕಣ್ಣಾಸುರ ಆದಾ ಇಲ್ರಿ?" ಎಂದಳು ಮೆಲ್ಲಗೆ. "ಶೋಕೇಸು ನಿಮ್ಮದು. ಉಳದ ಬಟ್ಟಲಾ ನಾ ತಗಿಯಂಗಿಲ್ಲ."

ಗೌರೀಶನಿಗೆ ನಗುವೂ ಬಂತು, ಅಳುವೂ ಬಂತು. ಇರುವ ಒಬ್ಬನನ್ನಾದರೂ ಇನ್ನೊಮ್ಮೆ ಅಂಗೈ ಮೇಲಿಟ್ಟುಕೊಳ್ಳೋಣವೆಂದು ಅವನು ಶೋಕೇಸಿಗೆ ಕೈ ಚಾಚಿದ.

"ಹಾಂ ಹಾಂ, ಮಾಸ್ತರ!" ಅಷ್ಟು ಹೊತ್ತೂ ಸುಮ್ಮನೆ ಕೈ ಮುಗಿದು ನಿಂತಿದ್ದ ತಾರಾಬಾಯಿ ಅವನ ಕೈಯನ್ನು ಹಿಡಿದು ಹಿಂದಕ್ಕೆ ಸರಿಸಿದರು. "ಎರೆದು, ಕುಂಕುಮಾ ಹಚ್ಚಿ, ಪೀಠದ ಮ್ಯಾಲ ಕೂಡಿಸಿದ್ದನ್ನ ಹಂಗೆಲ್ಲಾ ಮೈಲಿಗೆ ಕೈಲೆ ಮುಟ್ಟಬಾರದು. ಹೋಗ್ರಿ, ಸ್ನಾನ ಮಾಡಿ ಬಂದು, ದೂರ ನಿಂತು ನಮಸ್ಕಾರ ಮಾಡ್ರಿ."